ಮನೆಯ ಔತಣ: ಎಣಿಕೆ ಮತ್ತು ಎಚ್ಚರಿಕೆ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಊಟ ಬಲ್ಲವನೆಂದರೆ ಹಿತಮಿತವಾಗಿ ಉಣ್ಣಬಲ್ಲವನು ಎಂದು ನಾವು ಸಾಮಾನ್ಯವಾಗಿ ಅರ್ಥಮಾಡುತ್ತೇವೆ. ಆದರೆ ಹತ್ತಾರು ಮಂದಿಯನ್ನು ಮನೆಗೆ ಕರೆದು ಉಣಬಡಿಸುವವನಿಗೂ ಈ ಗಾದೆ ಅಷ್ಟೇ ಸಲ್ಲುತ್ತದೆ. ಅವನು ಊಟವನ್ನು ಬಲ್ಲವನಾಗಿದ್ದರೆ ಬಂದವರಿಗೆ ರೋಗವಿಲ್ಲ. ಏರ್ಪಾಡನ್ನು ಬಲ್ಲವನಾಗಿದ್ದರೆ ಮನೆಯವರಲ್ಲಿ ಜಗಳವಿಲ್ಲ.

ನಮ್ಮ ಹಿರಿಯರು ಅಡುಗೆಯನ್ನು ಒಂದು ಶಾಸ್ತ್ರವೆಂದೇ ಎಣಿಸಿದ್ದರು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ಬೇಸಾಯ, ವೈದ್ಯ ಮೊದಲಾದ ವಿಷಯಗಳ ಜೊತೆಗೆ ಪಾಕವಿಚಾರವೂ ಸೇರಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭೋಜನದ ವಿವರಗಳಿವೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪದ್ಯಗ್ರಂಥವನ್ನೇ ಕನ್ನಡದಲ್ಲಿ ರಚಿಸಿದನು. ಇಂತಹ ವಿದ್ಯೆಯನ್ನು ಅಡುಗೆಮನೆಯ ಹೆಂಗಸರ ಪಾಲಿಗೆ ಬಿಟ್ಟು ಹುಡುಗರು ದೂರವಿರುವುದು ಉಚಿತವಲ್ಲ. ಅಳತೆ, ಪ್ರಮಾಣ, ಕಾಲ, ಆರೋಗ್ಯ ಎಂದು ತರಗತಿಯಲ್ಲಿ ನಾವು ಬೇರೆ ಬೇರೆಯಾಗಿ ಕಲಿಯುವುದೆಲ್ಲ ಒಂದು ಔತಣದಲ್ಲಿ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ವಿಚಾರಮಾಡೋಣ.

ಸಂದರ್ಭ

ಕಾಸರಗೋಡು ಸೀಮೆಯಿಂದ ಉದ್ಯೋಗನಿಮಿತ್ತವಾಗಿ ಕೊಚ್ಚಿಗೆ ಬಂದು ಪಾಲಾರಿವಟ್ಟಂನಲ್ಲಿ ನೆಲಸಿರುವ ಒಂದು ಕನ್ನಡ ಕುಟುಂಬವಿದೆ ಎಂದು ತಿಳಿಯೋಣ. ಆ ಮನೆಯ ಅಜ್ಜನಿಗೆ ಸಹಸ್ರಚಂದ್ರ ದರ್ಶನದ ಶುಭದಿನ ಸಮೀಪಿಸಿದೆ. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಸರಾಸರಿ 29.53 ದಿನಗಳು. ಆದುದರಿಂದ ಸಾವಿರ ಹುಣ್ಣಿಮೆಗಳಿಗೆ 29,530 ದಿನಗಳಾಗುತ್ತವೆ. ಇದನ್ನು 365.25ರಿಂದ ಭಾಗಿಸಿದರೆ 80 ವರ್ಷ ಮತ್ತು ಸುಮಾರು 10 ತಿಂಗಳು ಎಂಬ ಉತ್ತರ ಬರುತ್ತದೆ. ಇಷ್ಟು ವಯಸ್ಸನ್ನು ಕಂಡ ಹಿರಿಯರಿಗೆ ಮಕ್ಕಳು ಮೊಮ್ಮಕ್ಕಳು ಸೇರಿ ಮಾಡುವ ಔತಣವಿದು. ಅಡುಗೆಯವರನ್ನು ಕರೆಯದೆ, ಹೋಟೆಲಿನಿಂದ ತರಿಸದೆ, ಮನೆಯವರೇ ಎಲ್ಲವನ್ನೂ ಮಾಡಬೇಕೆಂಬುದು ಅವರ ಸಂಕಲ್ಪ.

ಕಾಸರಗೋಡಿನ ನೆಂಟರು ರೈಲಿನಲ್ಲಿ ಎರ್ನಾಕುಳಂಗೆ ಬರುತ್ತಾರೆ. ಅಲ್ಲಿಂದ ಪಾಲಾರಿವಟ್ಟಂಗೆ ಮೆಟ್ರೋ ರೈಲಿನ ಸೌಕರ್ಯವಿದೆ. 2017ರ ಜೂನ್ 17ರಂದು ಉದ್ಘಾಟನೆಯಾದ ಕೊಚ್ಚಿ ಮೆಟ್ರೋದ ಮೊದಲ ಭಾಗವು ಆಲುವದಿಂದ ಪಾಲಾರಿವಟ್ಟಂವರೆಗಿನದೇ ಆಗಿತ್ತು. ನೆರೆಮನೆಗಳ ಮಲಯಾಳಿ ಮಿತ್ರರೂ ಬರುವವರಿದ್ದಾರೆ. ಊಟ 12.30 ಗಂಟೆಗೆ.

ಮೊದಲನೆಯ ಪ್ರಶ್ನೆ: ಎಷ್ಟು ಮಂದಿ?

ಕರೆದವರ ಸಂಖ್ಯೆಯೂ ಊಟದ ಸಂಖ್ಯೆಯೂ ಒಂದೇ ಅಲ್ಲ. ಪ್ರಾಯದವರ ಊಟವನ್ನು 1 ಎಂದು ಹಿಡಿದರೆ, ವೃದ್ಧರ ಊಟವನ್ನು ಮುಕ್ಕಾಲು, ಹತ್ತು ವರ್ಷದೊಳಗಿನ ಮಕ್ಕಳ ಊಟವನ್ನು ಅರ್ಧ ಎಂದು ಎಣಿಸಬಹುದು. ಈ ಮನೆಗೆ ಬರುವವರು, ಮನೆಯವರೂ ಸೇರಿ, 64 ಮಂದಿ: ಪ್ರಾಯದವರು 40, ವೃದ್ಧರು 12, ಮಕ್ಕಳು 12. ಆಗ 40, 9, 6 ಕೂಡಿ 55 ಪೂರ್ಣ ಊಟಗಳಾಗುತ್ತವೆ. ಕರೆಯದೆ ಬರುವವರಿಗಾಗಿಯೂ, ಎರಡನೆಯ ಸಲ ಬಡಿಸಿಕೊಳ್ಳುವವರಿಗಾಗಿಯೂ ಹತ್ತನೆಯ ಒಂದು ಭಾಗವನ್ನು ಸೇರಿಸಿದರೆ ಸುಮಾರು 60 ಊಟಗಳು. ಇನ್ನು ಮುಂದಿನ ಲೆಕ್ಕವೆಲ್ಲ ಈ 60ರ ಮೇಲೆ ನಿಲ್ಲುತ್ತದೆ. ಬಾಳೆಯೆಲೆಗೆ ಮಾತ್ರ ಈ ನಿಯಮ ಸಲ್ಲದು. ಮಗುವಿಗೆ ಅರ್ಧ ಎಲೆ ಹಾಕುವಂತಿಲ್ಲವಷ್ಟೆ! ಎಲೆಗಳು 64, ಹರಿದುಹೋಗುವುದಕ್ಕೆಂದು ಇನ್ನು 6, ಒಟ್ಟು 70 ಬೇಕು.

ಎರಡನೆಯ ಪ್ರಶ್ನೆ: ಯಾವ ಊಟ?

ಬಗೆಗಳು ಹೆಚ್ಚಿದಷ್ಟೂ ಔತಣ ದೊಡ್ಡದಾಗುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ಪಾಲಾರಿವಟ್ಟಂಗೆ ಸಮೀಪದ ತೃಕ್ಕಾಕ್ಕರದ ವಾಮನ ದೇವಾಲಯದಲ್ಲಿ ತಿರುವೋಣದ ದಿನ ಸಾವಿರಾರು ಮಂದಿ ಪಂಕ್ತಿಯಲ್ಲಿ ಕುಳಿತು ಸದ್ಯ ಉಣ್ಣುತ್ತಾರೆ. ಅಲ್ಲಿ ಕೆಲಸಕ್ಕೆ ಅನೇಕ ಕೈಗಳಿವೆ. ಮನೆಯಲ್ಲಿ ಇರುವ ಕೈಗಳು ಕೆಲವೇ. ಒಂದು ತರಕಾರಿಯ ಬಗೆಯನ್ನು ಹೆಚ್ಚಿಸಿದರೆ ಏನಾಗುತ್ತದೆ ನೋಡಿರಿ: ಊಟವೊಂದಕ್ಕೆ 75 ಗ್ರಾಂನಂತೆ ನಾಲ್ಕೂವರೆ ಕಿಲೋ ಹೆಚ್ಚಿದ ತರಕಾರಿ, ಒಂದು ದೊಡ್ಡ ಪಾತ್ರೆ, ಮುಕ್ಕಾಲು ಗಂಟೆಯ ಒಲೆ, ಅದನ್ನು ಸಿದ್ಧಪಡಿಸುವ ಇಬ್ಬರ ಬೆಳಗು. ಆದುದರಿಂದ ಬಗೆಗಳನ್ನು ಆಸೆಯಿಂದ ಎಣಿಸದೆ, ಒಲೆ ಮತ್ತು ಕೈಗಳಿಂದ ಎಣಿಸುವುದು ಲೇಸು.

ನಮ್ಮ ಈ ಮನೆಯವರು ಕನ್ನಡಿಗರ ಎಲೆಯನ್ನೂ ಮಲಯಾಳಿಗಳ ಎಲೆಯನ್ನೂ ಕೂಡಿಸಿದರು. ಇದು ಕಷ್ಟವೇನಲ್ಲ, ಎರಡು ಊಟಗಳೂ ಒಂದೇ ಕಡಲತೀರದ ಅಕ್ಕತಂಗಿಯರು. ನಮ್ಮ ಪಲ್ಯವೇ ಅವರ ತೋರನ್. ನಮ್ಮ ತೊವ್ವೆಗೆ ಅವರ ಪರಿಪ್ಪು ಹತ್ತಿರ. ನಮ್ಮ ಮಜ್ಜಿಗೆಹುಳಿಗೆ ಅವರ ಪುಳಿಶ್ಶೇರಿ ನೆಂಟ. ಇಬ್ಬರೂ ಎಲೆಯ ತುದಿಯನ್ನು ಉಣ್ಣುವವರ ಎಡಕ್ಕೆ ಬರುವಂತೆ ಹಾಸುತ್ತಾರೆ. ಹೀಗಾಗಿ ಎಲೆಯ ಮೇಲೆ ಇಷ್ಟನ್ನು ನಿಶ್ಚಯಿಸಲಾಯಿತು: ಉಪ್ಪಿನಕಾಯಿ, ಇಂಜಿಪುಳಿ, ಕೋಸಂಬರಿ, ಅಲಸಂಡೆಯ ಪಲ್ಯ, ಅವಿಯಲ್, ಅನ್ನ, ತೊವ್ವೆ, ಸಾಂಬಾರು, ಸಾರು, ಹಪ್ಪಳ, ಹೆಸರುಬೇಳೆ ಪಾಯಸ, ಮಜ್ಜಿಗೆ. ಪಾಯಸ ಒಂದೇ ಸಾಕು.

ಔತಣ ಯಾರಿಗಾಗಿ ಎಂಬುದನ್ನು ಇಲ್ಲಿ ಮರೆಯಲಾಗದು. ಅಜ್ಜನೂ ಅವರ ಒರಗೆಯವರೂ ಗಟ್ಟಿಯಾದುದನ್ನು ಅಗಿಯಲಾರರು. ಅಲಸಂಡೆಯನ್ನು ಸಣ್ಣಗೆ ಹೆಚ್ಚಿ ಮೆತ್ತಗೆ ಬೇಯಿಸಬೇಕು. ಸಕ್ಕರೆಕಾಯಿಲೆ ಇರುವವರಿಗೆ ಪಾಯಸ ಬೆಲ್ಲದ್ದಾದರೂ ಸಕ್ಕರೆಯದ್ದಾದರೂ ಒಂದೇ. ಅವರ ಲೋಟವನ್ನು ತುಂಬಿ ಒತ್ತಾಯಿಸುವುದು ಉಪಚಾರವಲ್ಲ. ರಕ್ತದ ಒತ್ತಡವಿರುವವರಿಗೆ ಉಪ್ಪಿನಕಾಯಿ, ಹಪ್ಪಳಗಳನ್ನು ಕೇಳಿ ಬಡಿಸಬೇಕು. ಯಾರಿಗೆ ಯಾವ ಪದಾರ್ಥ ಒಗ್ಗದು ಎಂಬುದನ್ನು ಕರೆಯಲು ಹೋದಾಗಲೇ ವಿಚಾರಿಸಿಕೊಂಡರೆ ಎಲೆಯ ಮುಂದೆ ಪೇಚು ಇಲ್ಲ.

ಮೂರನೆಯ ಪ್ರಶ್ನೆ: ಎಷ್ಟು ಸಾಮಾನು?

ಹಿಂದೆ ಕನ್ನಡನಾಡಿನಲ್ಲಿ ಸೇರು ಪಾವುಗಳಿಂದಲೂ ಮಲಯಾಳದಲ್ಲಿ ನಾಳಿ ಇಡಂಗಳಿಗಳಿಂದಲೂ ಅಳೆಯುತ್ತಿದ್ದರು. ಊರೂರಿಗೆ ಅಳತೆ ಬೇರೆಯಾಗಿ ಲೆಕ್ಕ ತಪ್ಪುತ್ತಿತ್ತು. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದ ಮೇಲೆ ಕಾಸರಗೋಡಿನ ಅಜ್ಜಿಯ ಲೆಕ್ಕ ಕೊಚ್ಚಿಯ ಅಂಗಡಿಯಲ್ಲಿಯೂ ನಡೆಯುವಂತಾಗಿದೆ.

ಹಲವು ಬಗೆಗಳಿರುವ ಊಟದಲ್ಲಿ ಒಬ್ಬರಿಗೆ 100 ಗ್ರಾಂ ಅಕ್ಕಿ ಸಾಕು. 60 ಊಟಕ್ಕೆ 6 ಕಿಲೋ. ಇದರಲ್ಲಿ 4 ಕಿಲೋ ಬೆಳ್ತಿಗೆ, 2 ಕಿಲೋ ಕುಚ್ಚಲು. ಒಂದು ಕಿಲೋ ಅಕ್ಕಿ ಬೆಂದಾಗ ಎರಡೂವರೆ ಕಿಲೋದಷ್ಟು ಅನ್ನವಾಗುವುದರಿಂದ ಒಟ್ಟು 15 ಕಿಲೋ ಅನ್ನ ದೊರೆಯುತ್ತದೆ.

ತೊಗರಿಬೇಳೆ ಸಾಂಬಾರಿಗೆ 20 ಗ್ರಾಂ, ತೊವ್ವೆಗೆ 15 ಗ್ರಾಂ, ಸಾರಿಗೆ 5 ಗ್ರಾಂ. ಕೂಡಿ 40 ಗ್ರಾಂನಂತೆ 2 ಕಿಲೋ 400 ಗ್ರಾಂ. ಕೋಸಂಬರಿಗೆ ಹೆಸರುಬೇಳೆ 600 ಗ್ರಾಂ, ಸೌತೆಕಾಯಿ ಒಂದೂವರೆ ಕಿಲೋ.

ತರಕಾರಿ ಸಾಂಬಾರಿಗೆ 75 ಗ್ರಾಂ, ಅವಿಯಲಿಗೆ 100 ಗ್ರಾಂ, ಪಲ್ಯಕ್ಕೆ 75 ಗ್ರಾಂ. ಒಟ್ಟು 250 ಗ್ರಾಂನಂತೆ 15 ಕಿಲೋ. ಇದು ಹೆಚ್ಚಿ ಸಿದ್ಧಪಡಿಸಿದ ತೂಕ. ಸಿಪ್ಪೆ, ತೊಟ್ಟು, ಬೀಜಗಳಲ್ಲಿ ಐದನೆಯ ಒಂದು ಭಾಗ ಹೋಗುತ್ತದೆಂದು ಹಿಡಿದರೆ ಕೊಳ್ಳಬೇಕಾದುದು 15ನ್ನು 0.8ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 19 ಕಿಲೋ. ಬಹಳ ಮಂದಿ ಎಡವುವುದು ಇಲ್ಲಿಯೇ.

ಪಾಯಸ ಒಬ್ಬರಿಗೆ 150 ಮಿಲಿಲೀಟರಿನಂತೆ 9 ಲೀಟರ್. ಅದಕ್ಕೆ ಹೆಸರುಬೇಳೆ 900 ಗ್ರಾಂ, ಬೆಲ್ಲ 1 ಕಿಲೋ 800 ಗ್ರಾಂ, ಹಾಲು ಹಿಂಡಲು ತೆಂಗಿನಕಾಯಿ 6. ಉಳಿದ ಅಡುಗೆಗೆ ನಾಲ್ಕು ಊಟಕ್ಕೆ ಒಂದರಂತೆ 15. ಒಂದೆರಡು ಕೆಟ್ಟಿರಬಹುದಾದ ಕಾರಣ 23 ಕಾಯಿಗಳನ್ನು ತರುವುದು ಕ್ಷೇಮ. ಮೊಸರು ಮಜ್ಜಿಗೆಗೆ 4 ಲೀಟರ್, ಅವಿಯಲಿಗೆ 1 ಲೀಟರ್. ಹಪ್ಪಳ ತಲೆಗೆ ಎರಡರಂತೆ 128. ಮುರಿಯುವುದನ್ನು ಎಣಿಸಿ 140.

ಪಾತ್ರೆಗೂ ಲೆಕ್ಕವುಂಟು. ಪಾತ್ರೆಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಕುದಿದು ಉಕ್ಕುತ್ತದೆ. 9 ಲೀಟರ್ ಸಾಂಬಾರಿಗೆ ಕನಿಷ್ಠ 12 ಲೀಟರಿನ ಪಾತ್ರೆ ಬೇಕು. ಮನೆಯ ಒಲೆಯಲ್ಲಿ ಇಂತಹ ಪಾತ್ರೆ ಬಿಸಿಯೇರಲು ಬಹಳ ಹೊತ್ತು ಬೇಕಾಗುವುದರಿಂದ ದೊಡ್ಡ ಒಲೆ ಎರಡನ್ನೂ ಪಾತ್ರೆಗಳನ್ನೂ ಬಾಡಿಗೆಗೆ ತರಿಸಬೇಕು.

ಈ ಪ್ರಮಾಣಗಳನ್ನು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಅಂಗಡಿಯ ದರವನ್ನು ಹಾಕಿ ಗುಣಿಸಿದರೆ ಖರ್ಚಿನ ಅಂದಾಜು ದೊರೆಯುತ್ತದೆ. ಅಂದಾಜು ಕೈಮೀರಿದರೆ ಒಂದು ಬಗೆಯನ್ನು ಬಿಡಬೇಕೇ ಹೊರತು ಸಾಲ ಮಾಡಬಾರದು. ಅಜ್ಜನ ಹೆಸರಿನಲ್ಲಿ ಮಾಡಿದ ಸಾಲ ಅಜ್ಜನಿಗೆ ಮರ್ಯಾದೆಯಲ್ಲ.

ನಾಲ್ಕನೆಯ ಪ್ರಶ್ನೆ: ಯಾವ ನೀರು?

ಊಟದ ಏರ್ಪಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲಕ್ಕಿಂತ ಕಡಿಮೆ ಗಮನಕ್ಕೆ ಬರುವಂಥದು, ನೀರು. ಬೆಂದ ಅಡುಗೆಯಲ್ಲಿ ಸೇರಿದ ನೀರು ಬೆಂಕಿಯಿಂದ ಶುದ್ಧವಾಗುತ್ತದೆ. ಬೇಯದ ಪಾನಕ, ಮಜ್ಜಿಗೆ, ಕುಡಿಯುವ ನೀರುಗಳಿಗೆ ಆ ರಕ್ಷಣೆಯಿಲ್ಲ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ ಕುಡಿಯುವ ನೀರಿನ ಮೂಲಕ ಕಾಮಾಲೆ ಹರಡಿ 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ಅದೇ ವರ್ಷದ ಕೊನೆಯಲ್ಲಿ ಪಾಲಾರಿವಟ್ಟಂಗೆ ಸಮೀಪದ ಕಳಮಶ್ಶೇರಿಯಲ್ಲಿ ಕಾಣಿಸಿಕೊಂಡ ಕಾಮಾಲೆಯ ಮೂಲವನ್ನು ಹುಡುಕಿದಾಗ, ಒಂದು ಗೃಹಪ್ರವೇಶದ ಸಮಾರಂಭದಲ್ಲಿ ಬಳಸಿದ ಬಾವಿನೀರಿನ ಮೇಲೆ ಸಂದೇಹ ಬಂದಿತು. ಸಂತೋಷಕ್ಕೆಂದು ಕರೆದ ಮನೆಯಿಂದಲೇ ರೋಗ ಹೊರಟಿತೆಂದರೆ ಆ ಮನೆಯವರ ವ್ಯಥೆಯನ್ನು ಊಹಿಸಬಹುದು.

ಹೆಪಟೈಟಿಸ್ ಎ ಎಂಬ ಈ ರೋಗದ ಸೂಕ್ಷ್ಮಾಣು ದೇಹವನ್ನು ಹೊಕ್ಕು 15ರಿಂದ 50 ದಿನಗಳ ಮೇಲೆ ಲಕ್ಷಣಗಳನ್ನು ತೋರಿಸುತ್ತದೆ. ಆದುದರಿಂದ ಔತಣದ ಮರುದಿನ ಎಲ್ಲರೂ ಆರೋಗ್ಯವಾಗಿದ್ದಾರೆಂದು ನೆಮ್ಮದಿಪಡುವಂತಿಲ್ಲ. ನೀರು ಚೆನ್ನಾಗಿ ಕೊತಕೊತನೆ ಕುದಿದರೆ ಈ ಸೂಕ್ಷ್ಮಾಣು ನಾಶವಾಗುತ್ತದೆ. ಆದರೆ ಕುದಿಸಿದ ನೀರು ಬೇಗ ಆರಲೆಂದು ಅದಕ್ಕೆ ತಣ್ಣೀರನ್ನು ಬೆರೆಸುವ ರೂಢಿ ಹಲವು ಕಡೆ ಇದೆ. ಹಾಗೆ ಮಾಡಿದರೆ ಕುದಿಸಿದ ಶ್ರಮವೂ ಇಂಧನವೂ ವ್ಯರ್ಥ. ಹೊರಗಿನಿಂದ ತಂದ ಮಂಜುಗಡ್ಡೆಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ಲೆಕ್ಕ ಹೀಗಾಗುತ್ತದೆ: ಕುಡಿಯಲು 70 ಲೀಟರ್; ಬಂದವರಿಗೆ ಕೊಡುವ ಬೆಲ್ಲದ ಪಾನಕಕ್ಕೆ 10 ಲೀಟರ್; 4 ಲೀಟರ್ ಮೊಸರನ್ನು 12 ಲೀಟರ್ ಮಜ್ಜಿಗೆ ಮಾಡಲು 8 ಲೀಟರ್; ಕೋಸಂಬರಿಯ ಸೌತೆಕಾಯಿ, ಕೊತ್ತಂಬರಿಸೊಪ್ಪುಗಳನ್ನು ಕೊನೆಯದಾಗಿ ತೊಳೆಯಲು 12 ಲೀಟರ್. ಒಟ್ಟು 100 ಲೀಟರ್ ನೀರನ್ನು ಹಿಂದಿನ ಸಂಜೆಯೇ ಕುದಿಸಿ, ಮುಚ್ಚಿ ಆರಿಸಬೇಕು. 40 ಲೀಟರಿನ ಹಂಡೆಯನ್ನು ಮುಕ್ಕಾಲು ತುಂಬಿದರೆ ಒಂದು ಸಲಕ್ಕೆ 30 ಲೀಟರ್. ನಾಲ್ಕು ಸಲ ಒಲೆಗೇರಿಸಬೇಕಾಗುತ್ತದೆ. ಕೇರಳದ ಮನೆಗಳಲ್ಲಿ ಕುದಿಯುವ ನೀರಿಗೆ ಜೀರಿಗೆಯನ್ನೋ ಪದಿಮುಗಂ ಚಕ್ಕೆಯನ್ನೋ ಹಾಕುತ್ತಾರೆ. ಪದಿಮುಗದಿಂದ ನೀರು ನಸುಗೆಂಪಾಗುತ್ತದೆ. ಇದರಿಂದ ಒಂದು ಉಪಕಾರವೂ ಉಂಟು: ಯಾವುದು ಕುದಿಸಿದ ನೀರು, ಯಾವುದು ನಲ್ಲಿಯ ನೀರು ಎಂಬುದು ಕಣ್ಣಿಗೇ ತಿಳಿಯುತ್ತದೆ. ಆದರೆ ಬಣ್ಣ ಬಂದಿದ್ದರೂ ನೀರು ಕುದಿದಿರಲೇಬೇಕು. ಕೈತೊಳೆಯುವ ಸ್ಥಳದಲ್ಲಿ ಸಾಬೂನು ಇರತಕ್ಕದ್ದು.

ಐದನೆಯ ಪ್ರಶ್ನೆ: ಯಾವುದು ಯಾವಾಗ?

ಕಾಲದ ಲೆಕ್ಕವನ್ನು ಊಟದ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಹುಣಿಸೆ, ಬೆಲ್ಲ, ಶುಂಠಿ ಸೇರಿದ ಇಂಜಿಪುಳಿ ಕೆಲವು ದಿನ ಕೆಡದು. ಅದನ್ನು ಎರಡು ದಿನ ಮೊದಲೇ ಮಾಡಬಹುದು. ಸಾಂಬಾರಿನ ಪುಡಿಯೂ ಹಾಗೆಯೇ. ತರಕಾರಿ ಹಿಂದಿನ ದಿನ ಬರಲಿ. ತೆಂಗಿನಕಾಯಿಯನ್ನು ತುರಿದು ಅರೆದಿಟ್ಟರೆ ಕೊಚ್ಚಿಯ ಸೆಕೆಯಲ್ಲಿ ಬೇಗ ಹುಳಿಯಾಗುತ್ತದೆ. ಅದು ಆ ಬೆಳಗಿನ ಕೆಲಸ.

ಬೆಳಗ್ಗೆ 7ಕ್ಕೆ ತರಕಾರಿ ಹೆಚ್ಚುವುದು, 8ಕ್ಕೆ ಕಾಯಿ ತುರಿಯುವುದು, 9ಕ್ಕೆ ಬೇಳೆ ಬೇಯಲು ಇಡುವುದು, 9.30ಕ್ಕೆ ಪಾಯಸ, 10.15ಕ್ಕೆ ಸಾಂಬಾರು ಮತ್ತು ಸಾರು, 11ಕ್ಕೆ ಅವಿಯಲ್, 11.15ಕ್ಕೆ ನಿಧಾನವಾಗಿ ಬೇಯುವ ಕುಚ್ಚಲಕ್ಕಿ, 11.30ಕ್ಕೆ ಪಲ್ಯ, 11.45ಕ್ಕೆ ಬೆಳ್ತಿಗೆ ಅಕ್ಕಿಯ ಅರ್ಧ ಪಾಲು, 12ಕ್ಕೆ ಹಪ್ಪಳ, 12.15ಕ್ಕೆ ಕೋಸಂಬರಿಗೆ ಉಪ್ಪು ಬೆರೆಸುವುದು. ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಸಪ್ಪೆಯಾಗುತ್ತದೆ.

ಅನ್ನವನ್ನು ಬೆಳಗ್ಗೆಯೇ ಮಾಡಿಟ್ಟರೆ ನಿಶ್ಚಿಂತೆಯಲ್ಲವೇ ಎಂದು ನೀವು ಕೇಳಬಹುದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರಬಹುದು. ಅವು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಉಳಿದರೆ ಅವು ಮೊಳೆತು ವೃದ್ಧಿಯಾಗಿ ವಿಷವನ್ನು ಹುಟ್ಟಿಸುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷವೆಲ್ಲ ಹೋಗದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಬೇಯಿಸಿದ ಆಹಾರಕ್ಕೆ ಅಪಾಯದ ವಲಯ. ಆದುದರಿಂದ ಬಿಸಿಯಾದುದು ಬಿಸಿಯಾಗಿಯೇ ಇರಲಿ, ಇಲ್ಲವೇ ಎರಡು ಗಂಟೆಗಳೊಳಗೆ ತಂಪುಪೆಟ್ಟಿಗೆಯನ್ನು ಸೇರಲಿ.

ಆರನೆಯ ಪ್ರಶ್ನೆ: ಯಾರು ಬಡಿಸುವುದು, ಯಾರು ಉಣ್ಣುವುದು?

64 ಮಂದಿ ಒಂದೇ ಸಲ ಕೂರಲು ಪೇಟೆಯ ಮನೆಯಲ್ಲಿ ಸ್ಥಳವಿಲ್ಲ. 32ರಂತೆ ಎರಡು ಪಂಕ್ತಿಗಳು ಬೇಕು. ಅಜ್ಜ, ವೃದ್ಧರು, ಮಕ್ಕಳು, ದೂರದಿಂದ ಬಂದವರು ಮೊದಲ ಪಂಕ್ತಿಗೆ. ಇಲ್ಲಿಯವರೆಗೆ ಎಲ್ಲ ಮನೆಗಳೂ ಒಂದೇ ರೀತಿ. ವ್ಯತ್ಯಾಸ ಕಾಣುವುದು ಎರಡನೆಯ ಪಂಕ್ತಿಯಲ್ಲಿ.

ಬೆಳಗ್ಗೆ 7ರಿಂದ ಒಲೆಯ ಮುಂದೆ ನಿಂತ ಅಮ್ಮ, ಚಿಕ್ಕಮ್ಮ, ಅತ್ತೆಯವರು ಎಲ್ಲರದೂ ಮುಗಿದ ಮೇಲೆ ಮೂರೂವರೆ ಗಂಟೆಗೆ, ತಣ್ಣಗಾದ ಅನ್ನಕ್ಕೆ ತಳದ ಸಾರನ್ನು ಕಲಸಿಕೊಂಡು ಉಣ್ಣುವುದು ನಮ್ಮ ಅನೇಕ ಮನೆಗಳ ವಾಡಿಕೆ. ಅದನ್ನು ತ್ಯಾಗವೆಂದು ಹೊಗಳಿ ನಾವು ಕೈತೊಳೆದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಏರ್ಪಾಡಿನ ಕೊರತೆ. ಬೆಳ್ತಿಗೆ ಅಕ್ಕಿಯ ಉಳಿದರ್ಧವನ್ನು 12.35ಕ್ಕೆ ಒಲೆಗೇರಿಸಿ, ಸಾಂಬಾರು ಸಾರುಗಳನ್ನು ಮತ್ತೊಮ್ಮೆ ಕುದಿಸಿದರೆ 1.15ರ ಪಂಕ್ತಿಗೂ ಬಿಸಿಯೂಟ ಸಿದ್ಧ. ಅಡುಗೆ ಮಾಡಿದವರು ಆ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತುಕೊಳ್ಳಲಿ. ಮೊದಲ ಪಂಕ್ತಿಯಲ್ಲಿ ಉಂಡ ದೊಡ್ಡ ಹುಡುಗರೂ ಹುಡುಗಿಯರೂ ಸೌಟು ಹಿಡಿದು ಬಡಿಸಲಿ. ಇದಕ್ಕೆ ಹಣ ಬೇಕಿಲ್ಲ, ಒಂದು ವಾರ ಮೊದಲೇ ಹೆಸರು ಬರೆದ ಒಂದು ಚೀಟಿ ಸಾಕು.

ಏಳನೆಯ ಪ್ರಶ್ನೆ: ಉಳಿದುದೆಲ್ಲಿಗೆ?

ಕೇರಳವು ತನಗೆ ಬೇಕಾದ ಅಕ್ಕಿಯ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುವ ರಾಜ್ಯ. ತರಕಾರಿಯಲ್ಲಿ ಒಂದು ಪಾಲು ನಮ್ಮ ಗುಂಡ್ಲುಪೇಟೆಯ ಕಡೆಯಿಂದ ಘಟ್ಟ ಇಳಿದು ಹೋಗುತ್ತದೆ. ಅಷ್ಟು ದೂರ ಪ್ರಯಾಣಮಾಡಿ ಬಂದುದನ್ನು ಎಲೆಯಲ್ಲಿ ಬಿಟ್ಟೇಳುವುದು ಬೆಳೆದವನಿಗೆ ಮಾಡುವ ಅವಮಾನ. ಮೊದಲು ಸ್ವಲ್ಪ ಬಡಿಸಿ ಮತ್ತೆ ಕೇಳುವುದೇ ಇದಕ್ಕೆ ಉಪಾಯ. ಪಾತ್ರೆಯಲ್ಲಿ ಉಳಿದುದನ್ನು ಬಿಸಿ ಆರುವ ಮೊದಲೇ ನೆರೆಯವರಿಗೆ ಹಂಚಬೇಕು.

ಕಸದ ವಿಚಾರವನ್ನು ಕೊಚ್ಚಿಯ ಜನ ಲಘುವಾಗಿ ಎಣಿಸಲಾರರು. 2023ರ ಮಾರ್ಚ್ 2ರಂದು ನಗರದ ಹೊರವಲಯದ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಹತ್ತಿ ಹತ್ತು ದಿನಗಳಿಗೂ ಮೀರಿ ಉರಿಯಿತು. ಹೊಗೆಯ ಕಾರಣದಿಂದ ಶಾಲೆಯ ಮಕ್ಕಳಿಗೆ ರಜೆ ಕೊಡಬೇಕಾಯಿತು. ಆ ರಾಶಿಯಲ್ಲಿ ಪ್ಲಾಸ್ಟಿಕ್ ತುಂಬಿತ್ತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ಕೇರಳ ಸರಕಾರವು 2020ರ ಜನವರಿ 1ರಿಂದಲೇ ನಿಷೇಧಿಸಿತ್ತು. ಬಾಳೆಯೆಲೆ ಮಣ್ಣಾಗುತ್ತದೆ, ಸ್ಟೀಲಿನ ಲೋಟ ತೊಳೆದರೆ ಮತ್ತೆ ಬಳಕೆಗೆ ಬರುತ್ತದೆ. ಈ ಎರಡಿದ್ದರೆ ಔತಣದ ಕಸವೆಲ್ಲ ಗೊಬ್ಬರವೇ.

ಹೀಗೆ ಏಳು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಔತಣದ ದಿನ ಗಡಿಬಿಡಿಯಿರದು. ಸಾವಿರ ಹುಣ್ಣಿಮೆಗಳನ್ನು ಕಂಡ ಅಜ್ಜನ ಮುಂದೆ ಮನೆಯವರೆಲ್ಲ ಆರೋಗ್ಯದಿಂದ ಕುಳಿತು ಉಂಡರೆ ಅವರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಯಾವುದಿದೆ?

ಅಭ್ಯಾಸ

1. ಒಂದು ನಾಮಕರಣಕ್ಕೆ ಪ್ರಾಯದವರು 30, ವೃದ್ಧರು 8, ಮಕ್ಕಳು 20 ಮಂದಿ ಬರುತ್ತಾರೆ. ಪೂರ್ಣ ಊಟಗಳೆಷ್ಟು? ಅಕ್ಕಿ ಎಷ್ಟು ಬೇಕು? ಎಲೆಗಳೆಷ್ಟು?

2. ನಿಮ್ಮ ಮನೆಯ ಅತಿ ದೊಡ್ಡ ಪಾತ್ರೆ ಎಷ್ಟು ಲೀಟರಿನದು? ಅದರಲ್ಲಿ ಎಷ್ಟು ಮಂದಿಗೆ ಸಾಂಬಾರು ಮಾಡಬಹುದು?

3. ನಿಮ್ಮ ಮನೆಯಲ್ಲಿ ನಡೆದ ಹಿಂದಿನ ಔತಣದಲ್ಲಿ ಕೊನೆಗೆ ಉಂಡವರು ಯಾರು? ಎಷ್ಟು ಗಂಟೆಗೆ ಉಂಡರು? ಅವರನ್ನೇ ಕೇಳಿ ಬರೆಯಿರಿ.